ಸುದ್ದಿ ಏನೆಂದರೆ ಏನಿಲ್ಲ

ನಿಜ್ವಾ, ಒಮಾನ್
೧೨-೨-೧೯೮೨

ಹರಿಹರದ ಅಕ್ಕ ಜೈನಾಬಿಗೆ ತಮ್ಮನ ಸಲಾಂ.

ಇಲ್ಲಿ ಗುರುತಿಲ್ಲದವರೂ ದಾರಿಯಲ್ಲಿ ಕೈ ಹಿಡಿದು "ಏನು ಸುದ್ದಿ?" ಎನ್ನುತ್ತಾರೆ. ಹೋದ ಶುಕ್ರವಾರ ಸಂತೆಯಲ್ಲಿ ಆಡು ಮಾರುವ ಮುದುಕನೊಬ್ಬ ಹಾಗೆ ಕೇಳಿದ. ಮುಂಬಯಿ ಕಂಡವನು, ಉರ್ದು ಬರುತ್ತದೆ. ನಾನು ನಮ್ಮ ಹೊಳೆ, ನಿನ್ನ ಮಗನ ಎಸ್ಸೆಸ್ಸೆಲ್ಸಿ, ಅಮ್ಮಿಯ ಕಣ್ಣಿನ ಆಪರೇಷನ್ ಎಲ್ಲ ಹೇಳಿಬಿಟ್ಟೆ. ಪಾಪ, ಆಡಿನ ಹಗ್ಗ ಹಿಡಿದುಕೊಂಡೇ ಕೇಳಿದ.

ಜೊತೆಗಿದ್ದ ಶಾಮನೂರಿನ ಮಾಲತೇಶಪ್ಪ ಆಮೇಲೆ ಬೈದ: "ಏನಿಲ್ಲ, ಎಲ್ಲಾ ಆರಾಮ ಐತೆ ಅನ್ಬೇಕಪ್ಪಾ! ಮನಿಗೆ ಬೆಂಕಿ ಬಿದ್ದಿದ್ರೂ ಮೊದ್ಲು ಹಂಗ ಅನ್ನೋದು ಇವ್ರ ಪದ್ಧತಿ."

ಇವತ್ತು ಅದೇ ಮುದುಕ ಸಿಕ್ಕ. ಕಲಿತಂತೆ "ಏನಿಲ್ಲ" ಎಂದೆ. ಅವನು ಕೈ ಬಿಡದೆ, "ತಾಯಿಯ ಕಣ್ಣು ಹೇಗಿದೆ?" ಎಂದ. ರೂಮಿಗೆ ಬಂದು ನಿನ್ನ ಕಾಗದಗಳನ್ನು ತೆಗೆದು ನೋಡಿದೆ.

ಆಪರೇಷನ್ ಆದ ಮೇಲೆ ಬಂದ ನಿನ್ನ ಮೂರು ಕಾಗದದಲ್ಲೂ "ಎಲ್ಲರೂ ಕ್ಷೇಮ" ಎಂದಿದೆ. ಕೊನೆಯಲ್ಲಿ ಅಮ್ಮಿ ತಾನೇ ಹಾಕುತ್ತಿದ್ದ ಉರ್ದು ಸಹಿ ಮಾತ್ರ ಒಂದರಲ್ಲೂ ಇಲ್ಲ.

ನನ್ನ ಕೆಮ್ಮು ವಾಸಿಯಾಗಿದೆ. ಕಾರ್ಡಿನಲ್ಲಿ ಜಾಗ ಮುಗಿಯಿತು. ಮುದುಕ ಪ್ರತಿ ಶುಕ್ರವಾರ ಬರುತ್ತಾನೆ. ಅವನಿಗೆ ಏನು ಹೇಳಲಿ, ಬರೆ.

ಹಿದಾಯತ್