ಸ್ವಿಚ್ಚಿನ ಬಳಿ ಒಬ್ಬರಿರಲಿ

ಫೆಬ್ರವರಿ 30, 2131
ಕೃಷ್ಣಾ ದಂಡೆ, ರಾಯಚೂರು ಸೀಮೆ

ಕಲ್ಲಿದ್ದಲು ವಿದ್ಯುತ್ ಸ್ಥಾವರದ ಕಾರ್ಮಿಕ ಸಂಘದ ಹಿರಿಯರಿಗೆ,

ಈ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿಲ್ಲ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ನನ್ನ ಕೆಲವು ಮಾತುಗಳೂ ನಿಮಗೆ ಹೊಸವು, ಕ್ಷಮಿಸಿ.

ನಿಮ್ಮ ಚಿಮಣಿ ಇದ್ದ ಜಾಗದಲ್ಲಿ ಈಗ ಬಿಸಿಲುಹೊಲವಿದೆ, ಕಣ್ಣು ಹಾಯುವಷ್ಟು ದೂರ ಸೌರಫಲಕಗಳು. ಬೂದಿ ಇಲ್ಲ, ಕೆಮ್ಮಿಲ್ಲ. ಅದಕ್ಕೆ ನಿಮಗೆ ಋಣಿ. ಆದರೆ ಸ್ಥಾವರ ಮುಚ್ಚಿದ ದಿನ ಸಂಘವೂ ಮುಚ್ಚಿತು. ಹೊಸ ಕೆಲಸದ ಷರತ್ತು ಬರೆಯುವಾಗ ಕೆಲಸಗಾರರ ಪರ ಯಾರೂ ಕೂತಿರಲಿಲ್ಲ. ನಾವು ‘ದಿನಗೈ’ಗಳು: ಬೆಳಿಗ್ಗೆ ಕರೆದರೆ ಕೆಲಸ, ಎದುರು ಮಾತಾಡಿದರೆ ಮತ್ತೆ ಕರೆ ಇಲ್ಲ.

ನಿಮ್ಮಲ್ಲಿ ಕಂಬ ಹತ್ತುವವರು ಮೊದಲು ಕರೆಂಟ್ ತೆಗೆಸಿ ‘ಲೈನ್ ಕ್ಲಿಯರ್’ ಎಂಬ ಒಪ್ಪಿಗೆ ಪಡೆಯುತ್ತಿದ್ದರಂತೆ. ಹತ್ತಿದವರೇ ಇಳಿದು ಬಂದು ಕೆಲಸ ಮುಗಿಯಿತೆಂದು ಹೇಳುವವರೆಗೆ ಸ್ವಿಚ್ಚಿನ ಬಳಿ ನಿಂತವರು ಕರೆಂಟ್ ಬಿಡುತ್ತಿರಲಿಲ್ಲ. ನಾವೂ ಕಂಬ ಹತ್ತುತ್ತೇವೆ, ಆದರೆ ಈಗ ಸ್ವಿಚ್ಚಿನ ಬಳಿ ಮನುಷ್ಯರಿಲ್ಲ. ನಮ್ಮ ಹೆಲ್ಮೆಟ್ಟಿನಲ್ಲಿ ‘ಆಲಿಕೆ’ ಎಂಬ ಯಂತ್ರವಿದೆ. ನಮ್ಮ ಮಾತು ಕೇಳಿಸಿಕೊಂಡು ಅದೇ ಕರೆಂಟ್ ಬಿಡುತ್ತದೆ. ಹೋದ ವಾರ ನಮ್ಮ ಜೊತೆಯ ದಿನಗೈ ಮೌಲಪ್ಪ ಕಂಬದ ಮೇಲಿದ್ದಾಗ ಗೆಳೆಯನೊಬ್ಬ ಕೆಳಗಿನಿಂದ, “ಇಳಿದ ಮ್ಯಾಲ ಚಾ ಕುಡಿಯೂಣು ಬಾರಲೇ” ಎಂದು ಕೂಗಿದ. ಮೌಲಪ್ಪ “ಆಯ್ತು” ಎಂದ. ಅದು ಒಪ್ಪಿಗೆಯ ‘ಆಯ್ತು’. ಆಲಿಕೆ ಅದನ್ನು ಕೆಲಸ ಆಯ್ತೆಂದು ತಿಳಿದು ಕರೆಂಟ್ ಬಿಟ್ಟಿತು. ಅವನ ದೇಹ ಇಳಿಸಿದವರಲ್ಲಿ ನಾನೂ ಒಬ್ಬ.

ಇಂದು ಅದೇ ಲೈನಿಗೆ ನನ್ನ ಹೆಂಡತಿ ತಾಯಮ್ಮನನ್ನು ಕರೆದಿದ್ದಾರೆ. ಯಾವ ಮಾತಿಗೂ ಆಯ್ತು ಎನ್ನುವುದು ಅವಳ ರೂಢಿ. ಮೇಲೆ ಬಾಯಿ ಬಿಡಬೇಡವೆಂದು ಬೆಳಿಗ್ಗೆಯಿಂದ ಬೇಡಿಕೊಳ್ಳುತ್ತಿದ್ದೆ.

“ಮದಿವಿ ಆದಾಗಿಂದ ಇದೊಂದೇ ಆಸಿ ನಿಂದು, ನಾ ಬಾಯಿ ಮುಚ್ಚಬೇಕಂತ,” ಎಂದು ನಕ್ಕಳು.

“ನಗಬ್ಯಾಡ ತಾಯಮ್ಮ. ಆ ಮಾತೊಂದು ಅನಬ್ಯಾಡ.”

“ಆಯ್ತು ಬಿಡು.”

ಅಂದ ಮೇಲೆ ಅವಳಿಗೇ ತಿಳಿಯಿತು. ಕಟ್ಟುತ್ತಿದ್ದ ಹೆಲ್ಮೆಟ್ಟಿನ ಪಟ್ಟಿ ಬಿಚ್ಚಿ ಮತ್ತೆ ಕಟ್ಟಿದಳು. ಆದರೂ ಹೋದಳು; ಹೋಗದಿದ್ದರೆ ನಮ್ಮಿಬ್ಬರಿಗೂ ಇನ್ನು ಕರೆ ಬರುವುದಿಲ್ಲ.

ಸ್ಥಾವರ ಮುಚ್ಚುವ ಮಾತುಕತೆಗೆ ನೀವು ನಿಮ್ಮ ಕಾಲದಲ್ಲಿ ಈಗ ಕೂತಿದ್ದೀರಿ. ಪಿಂಚಣಿ ಕೇಳಿ, ವರ್ಗಾವಣೆ ಕೇಳಿ, ಕೇಳಲೇಬೇಕು. ಇನ್ನೂ ಹುಟ್ಟದ ನಮಗಾಗಿಯೂ ಕೇಳಿ. ಬಿಸಿಲಿನ ಕೆಲಸಕ್ಕೂ ಸಂಘ ಬೇಕೆಂದು, ಸ್ವಿಚ್ಚಿನ ಬಳಿ ಮನುಷ್ಯರೊಬ್ಬರು ನಿಲ್ಲಬೇಕೆಂದು ಬರೆಸಿ. ಭಯವಾದವರು ಹತ್ತುವುದಿಲ್ಲ ಎಂದರೆ ಅವರ ಅನ್ನ ಹೋಗಬಾರದು ಎಂದೂ ಬರೆಸಿ. ಇಲ್ಲಿ ಇದನ್ನು ಹೇಳಿಕೊಳ್ಳಲು ನಮಗೆ ಯಾವ ಬಾಗಿಲೂ ಇಲ್ಲ.

ತಾಯಮ್ಮ ಕಂಬ ಹತ್ತುತ್ತಿದ್ದಾಳೆ. ಬೇಗ ಕೇಳಿ.

ಹುಸೇನಪ್ಪ