ಮಾವ ಬಡಿದ ಕೊಕ್ಕೆ

ಮಾರ್ಚ್ 1

ಮೇಲಿನ ಕೇರಿಯಿಂದ ಹಾಲಿನ ಕ್ಯಾನ್ ತುಂಬಿಕೊಂಡು ಇಳಿದೆ. ಹಿಮ ಕರಗುತ್ತಿದೆ. ರಸ್ತೆ ಈಗ ರಸ್ತೆಯಲ್ಲ, ಗಂಜಿ.

ಹೆಂಡತಿ ರುಮ್ಯಾನ ವಸಂತದ ರಕ್ಷೆ ಅಂತ ಮಾರ್ಚ್ ದಾರ ಕಟ್ಟಿದಳು. ಕೆಂಪು-ಬಿಳಿ. ಮೊದಲು ನನ್ನ ಮಣಿಕಟ್ಟಿಗೆ, ಆಮೇಲೆ ಮೇಕೆಗೆ, ಕೊನೆಗೆ ನಮ್ಮ ‘ನೀವಾ’ ಜೀಪಿನ ಮುಂದಿನ ಕೊಕ್ಕೆಗೆ. "ಅಪ್ಪ ಬಡಿದ ಕೊಕ್ಕೆ, ಗಟ್ಟಿಯಾಗಿರಲಿ" ಅಂದಳು. ಮೇಕೆ ತನ್ನ ದಾರ ತಿಂದುಹಾಕಿತು. ಕೊಕ್ಕೆ ತಿನ್ನಲಿಲ್ಲ.

ಮಾವ ದೆಲ್ಚೋ ಕುಲುಮೆಯಲ್ಲಿ ಕುರಿಗಂಟೆ ಬಡಿದು ಮಾಡುವವರು. ಗಾಡಿ ಕೊಂಡ ವರ್ಷ ಉಡುಗೊರೆ ಅಂತ ಈ ಕೊಕ್ಕೆ ಬಡಿದು ತಾವೇ ಬಂಪರಿಗೆ ಬಿಗಿದರು. ಟಗರಿನ ಕೊಂಬಿನ ಹಾಗೆ ಸುರುಳಿ. ಊರವರು ದಾರಿಯಲ್ಲಿ ನಿಂತು ಸವರಿ ಹೋಗುತ್ತಾರೆ. ಈ ಮನೆಯಲ್ಲಿ ಇಷ್ಟು ಹೊಗಳಿಕೆ ಇನ್ಯಾರಿಗೂ ಸಿಕ್ಕಿಲ್ಲ — ಅಳಿಯನಿಗಂತೂ ಇಲ್ಲ.

ಮಾರ್ಚ್ 4, ಸಂಜೆ

 

ಪಶು ಡಾಕ್ಟರ್ ಇಸ್ಕ್ರಾಳ ಕಾರು ವಾಲ್‌ನಟ್ ಮರದ ತಿರುವಿನಲ್ಲಿ ಹೂತುಕೊಂಡಿತ್ತು. ಎಂದಿನ ಹಾಗೆ ಹಗ್ಗದ ಒಂದು ತುದಿ ಅವಳ ಕಾರಿಗೆ, ಇನ್ನೊಂದು ನಮ್ಮ ಕೊಕ್ಕೆಗೆ. ನಾನು ರಿವರ್ಸ್ ಹಾಕಿ ಎಳೆದೆ. ಮಾವ ಎಂದಿನ ಹಾಗೆ ಬಿಗಿದ ಹಗ್ಗದ ಮೇಲೆ ಅಂಗೈ ಇಟ್ಟು ನಿಂತಿದ್ದರು. ಎತ್ತಿನ ಬೆನ್ನು ತಟ್ಟಿದ ಹಾಗೆ. ಎಳೆತ ಎಷ್ಟಿದೆ ಅಂತ ಕೈಗೆ ಗೊತ್ತಾಗುತ್ತದಂತೆ.

ಗಾಡಿ ಒಮ್ಮೆ ಜಗ್ಗಿತು. ಹಗ್ಗ ಕೊಕ್ಕೆಯ ಬಾಯಿಂದ ಜಾರಿ ಹಾರಿತು. ಮಾವನ ಟೋಪಿ ಕಿತ್ತುಕೊಂಡು ಹೋಗಿ ಬೇಲಿಗೆ ಬಡಿಯಿತು. ಬೇಲಿಯ ಗೂಟ ಎರಡಾಯಿತು.

ಮಾವ ನಕ್ಕರು. "ಟೋಪಿ ತಾನೇ, ತಲೆ ಅಲ್ವಲ್ಲ."

ಇಸ್ಕ್ರಾ ನಗಲಿಲ್ಲ. ನನ್ನನ್ನು ಪಕ್ಕಕ್ಕೆ ಕರೆದು ಅಂದಳು: "ಸ್ಪಾಸ್, ನಾನು ಹೊಲಿಯೋದು ಕುರಿಗಳನ್ನ. ನಿನ್ನ ಮಾವನ್ನಲ್ಲ."

ಮಾರ್ಚ್ 6

ಮೆಕ್ಯಾನಿಕ್ ಜಿವ್ಕೊನ ಗ್ಯಾರೇಜಿಗೆ ಹೋಗಿದ್ದೆ. ಭಾನುವಾರ ಬಂತೆಂದರೆ ಕಾಡು ಮೇಡು ಅಂತ ಗಾಡಿ ಓಡಿಸಿ, ಹೂತು, ಎಬ್ಬಿಸಿ ಬರುವ ಪುಣ್ಯಾತ್ಮ. ಗಾಡಿಯ ಕೆಳಗೆ ಮಲಗಿಕೊಂಡೇ ವಿಚಾರಣೆ ಮಾಡಿದ.

"ಕೊಕ್ಕೆ ಯಾವುದಕ್ಕೆ ಬಿಗಿದಿದೆ?"

"ಬಂಪರಿಗೆ."

"ಬಂಪರು?"

"ಎರಡು ಬೋಲ್ಟಿಗೆ."

"ಬೋಲ್ಟು?"

"ದೇವರಿಗೆ ಬಿಟ್ಟದ್ದು."

ಹೊರಗೆ ಬಂದು ಕೈ ಒರೆಸಿಕೊಂಡ. ಬಂಪರ್ ಅಂದರೆ ಗಾಡಿಯ ಮೀಸೆಯಂತೆ. ಮೀಸೆ ಹಿಡಿದು ಮನುಷ್ಯನನ್ನು ಬಾವಿಯಿಂದ ಎತ್ತುವುದಿಲ್ಲ. ಹಾಗಾದರೆ ಹಿಂದಿರುವ, ಟ್ರೇಲರ್ ಸಿಕ್ಕಿಸುವ ಕಬ್ಬಿಣದ ಗುಂಡು? ಅಂದೆ. ಅದನ್ನಂತೂ ಮುಟ್ಟಲೇಬೇಡ ಅಂದ. ಅದು ಟ್ರೇಲರ್ ಎಳೆಯಲಿಕ್ಕೆ ಮಾತ್ರ. ಕೆಸರಿನಲ್ಲಿ ಜಗ್ಗಿ ಅದು ಮುರಿದರೆ ಫಿರಂಗಿ ಗುಂಡೇ. ಕಣಿವೆಯಾಚೆ ಹಾಗೆ ಕಿತ್ತ ಗುಂಡೊಂದು ಯಾರದೋ ಕಾರಿನ ಗಾಜು ಒಡೆದು ಸೀಟಿನ ದಿಂಬಿಗೆ ಹೊಕ್ಕು ಕೂತಿತಂತೆ. ಪುಣ್ಯಕ್ಕೆ ಸೀಟಿನಲ್ಲಿ ಆಗ ತಲೆ ಇರಲಿಲ್ಲ.

ಬೇಕಾದ್ದು ಬಾಯಿ ಮುಚ್ಚಿದ ಕೊಂಡಿ. ಬಳೆಯ ಹಾಗೆ. ಎಷ್ಟು ಭಾರ ತಡೆಯುತ್ತದೆ ಅಂತ ಮೈಮೇಲೆ ಅಚ್ಚು ಇರಬೇಕು. ಬಂಪರಿಗಲ್ಲ, ಒಳಗಿನ ಚಾಸಿ ತೊಲೆಗೇ ಬಿಗಿಯಬೇಕು, ತೊಲೆಯ ಹಿಂದೆ ದಪ್ಪ ಪಟ್ಟಿ ಕೊಟ್ಟು.

"ಬೆಸುಗೆ ಹಾಕಿದ್ರೆ?" ಅಂದೆ.

"ಬೆಸುಗೆ ಚೆನ್ನಾಗಿದೆಯೋ ಇಲ್ವೋ ಅಂತ ಗೊತ್ತಾಗೋದು ಕಿತ್ತ ಮೇಲೆ. ಬೋಲ್ಟ್ ಹಾಕು. ಗಾಡಿಯ ತೂಕ ಲೆಕ್ಕ ಹಾಕ್ಬೇಡ, ಕೆಸರಿನ ಹಟ ಲೆಕ್ಕ ಹಾಕು. ಮೂರು ಗಾಡಿ ಭಾರ ತಡೆಯೋದು ತಗೋ."

"ಮಾವನ ಕೊಕ್ಕೆ?"

ಜಿವ್ಕೊ ಸಿಗರೇಟು ಹಚ್ಚಿದ. "ಅದು ನನ್ನ ಗ್ಯಾರೇಜಿನ ಕೆಲಸ ಅಲ್ಲಪ್ಪ."

ದಾರಿಯಲ್ಲಿ ಹೊಳೆದದ್ದು:

ಅಂದದ ಕೊಕ್ಕೆಗೆ ಅಳಿಯನೆ ಬಲಿ,
ಚೆಂದದ ಮಾತಿಗೆ ಮಾವನೆ ಹುಲಿ.

ಮಾರ್ಚ್ 7

ರುಮ್ಯಾನಳಿಗೆ ಹೇಳಿದೆ. ಹಿಟ್ಟು ನಾದುತ್ತಲೇ ಕೇಳಿಸಿಕೊಂಡಳು. "ಸರಿ. ಅಪ್ಪನಿಗೆ ನೀನೇ ಹೇಳು."

"ನಿನ್ನ ಅಪ್ಪ."

"ನಿನ್ನ ಗಾಡಿ."

ಮಾರ್ಚ್ 22

ಎರಡು ಕೊಂಡಿ ಕೊಂಡೆ; ಗಾಡಿಯ ಹಿಂಬದಿಯದ್ದು ಹಾಕಿ ಆಯಿತು. ಜಿವ್ಕೊ ತೂತು ಕೊರೆದ, ಕೊರೆದಲ್ಲಿ ತುಕ್ಕು ಹಿಡಿಯದ ಹಾಗೆ ಬಣ್ಣ ಬಳಿದ, ಬಿಗಿದ. ಮಾವ ಗಾಡಿಯ ಹಿಂಭಾಗ ನೋಡುವವರಲ್ಲ. ಅವರ ಕಲೆ ಇರುವುದು ಮುಂದೆ.

ಮುಂದಿನದ್ದು ಟವೆಲಿನಲ್ಲಿ ಸುತ್ತಿ ಸೀಟಿನ ಕೆಳಗೆ ಇಟ್ಟಿದ್ದೇನೆ. ನಾಳೆ ಹೇಳುತ್ತೇನೆ.

ಏಪ್ರಿಲ್ 9

ಹೇಳಿಲ್ಲ. ಮಾವನಿಗೆ ಸೊಂಟ ನೋವು. ಸೊಂಟ ನೋವಿದ್ದಾಗ ಇಂಥದ್ದು ಹೇಳಬಾರದು.

ಏಪ್ರಿಲ್ 15

ಸೊಂಟ ಸರಿಯಾಗಿದೆ. ಖುಷಿಯಾಗಿದ್ದಾರೆ. ಖುಷಿಯಾಗಿದ್ದಾಗಲೂ ಹೇಳಬಾರದು.

ಇವತ್ತು ಯಾರದೋ ವ್ಯಾನು ಎಳೆಯಬೇಕಾಯಿತು. ಗಾಡಿ ತಿರುಗಿಸಿಕೊಂಡು ಹಿಂದಿನ ಕೊಂಡಿಯಿಂದ ಎಳೆದೆ. "ಮುಂದೆ ಕೊಕ್ಕೆ ಇಟ್ಕೊಂಡು ಹಿಂದಿನಿಂದ ಯಾಕೋ?" ಅಂದರು ಮಾವ. ರಿವರ್ಸ್ ಗೇರು ಸ್ವಲ್ಪ ಕಚ್ಚುತ್ತಿದೆ ಅಂದೆ. ಆಗಲೂ ಹಗ್ಗದ ಮೇಲೆ ಕೈ. 

ಏಪ್ರಿಲ್ 23, ಊಟದ ಮೇಲೆ

ಹಾಲು ಇಳಿಸಿ ಬರುವಷ್ಟರಲ್ಲಿ ಮಾವ ಅಂಗಳದಲ್ಲಿ ಕೂತಿದ್ದರು. ಮಡಿಲಲ್ಲಿ ನನ್ನ ಟವೆಲು. ಟವೆಲಿನ ಮೇಲೆ ಹೊಸ ಕೊಂಡಿ. ಕೈ ಒರೆಸಲು ಬಟ್ಟೆ ಹುಡುಕುತ್ತಾ ಗಾಡಿಯೊಳಗೆ ಕೈ ಹಾಕಿದ್ದರಂತೆ.

"ಇದೇನು?"

"ಕೊಂಡಿ."

"ನಮ್ಮ ಹತ್ರ ಕೊಕ್ಕೆ ಇದೆಯಲ್ಲ."

 ರುಮ್ಯಾನ ಕಿಟಕಿಯಲ್ಲಿ ಕಂಡಳು, ಮಾಯವಾದಳು.

ಮಾವ ಕೊಂಡಿಯನ್ನು ಅಂಗೈಯಲ್ಲೇ ಇಟ್ಟುಕೊಂಡು ಸುತ್ತಿಗೆಯಿಂದ ತಟ್ಟಿದರು. ದಬ್. "ಸತ್ತಿದೆ. ಕಾರ್ಖಾನೆಯಲ್ಲಿ ಹುಟ್ಟಿ ಅಲ್ಲೇ ಸತ್ತಿದ್ದು. ಬಿಚ್ಚು ನಂದನ್ನ. ಎರಡನ್ನೂ ನೇತುಹಾಕೋಣ. ಯಾವುದು ಹಾಡುತ್ತೋ ಅದು ಗಾಡಿಗೆ."

ಗಂಟೆ ಮಾರುವ ಮೊದಲು ಅವರು ಮಾಡುವುದೇ ಹಾಗೆ. ದಾರದಲ್ಲಿ ನೇತುಹಾಕಿ ತಟ್ಟಿ ಕಿವಿ ಕೊಡುತ್ತಾರೆ. ಒಡಕು ದನಿ ಬಂದರೆ ಮತ್ತೆ ಕುಲುಮೆಗೆ.

ಒಪ್ಪಿಕೊಂಡುಬಿಡುತ್ತಿದ್ದೆ. ಎಲ್ಲಿಂದಲೋ ನಾಲಿಗೆ ಬಂತು. "ಹಾಡಿದ್ರೂ ನಿಮ್ಮದನ್ನ ಹಾಕಲ್ಲ, ಮಾವ. ಅದರ ಬಾಯಿ ತೆರೆದಿದೆ. ಹಗ್ಗ ಜಾರುತ್ತೆ. ಅವತ್ತು ಟೋಪಿ ಹೋಯ್ತು. ನೀವು ಹಗ್ಗದ ಮೇಲೆ ಕೈ ಇಟ್ಟು ನಿಂತಿರ್ತೀರಿ. ನಾನು ಒಳಗೆ ಕೂತು ಆ ಕೈ ನೋಡ್ತಾ ಆಕ್ಸಿಲರೇಟರ್ ಒತ್ತಬೇಕು. ನನ್ನಿಂದ ಆಗಲ್ಲ."

ನನ್ನನ್ನೇ ನೋಡಿದರು. ಇಪ್ಪತ್ತು ವರ್ಷದಲ್ಲಿ ನಾನು ಅವರೆದುರು ಇಷ್ಟುದ್ದ ಮಾತು ಆಡಿರಲಿಲ್ಲ ಅನ್ನಿಸುತ್ತದೆ.

"ಬಿಚ್ಚು ಅಂದೆ."

ಬಿಚ್ಚಿದೆ. ಮರದ ಕೊಂಬೆಯಲ್ಲಿ ಎರಡೂ ತೂಗಿದವು. ಮೊದಲು ಹೊಸದು. ಟಿಣ್. ಸಾದಾ ದನಿ, ಆದರೆ ಶುದ್ಧ. ಮಾವ ಮೂಗು ಮುರಿದರು. ಆಮೇಲೆ ತಮ್ಮದು.

ಜರ್ರ್.

ಒಡೆದ ಮಡಕೆ ತಟ್ಟಿದ ಹಾಗೆ.

ಮತ್ತೆ ತಟ್ಟಿದರು. ದಾರ ಬದಲಿಸಿ ತಟ್ಟಿದರು. ಮೇಕೆ ಕೂಡ ಮೇಯುವುದು ನಿಲ್ಲಿಸಿ ನೋಡಿತು. ಕೊಕ್ಕೆ ಇಳಿಸಿ, ಅದರ ಕುತ್ತಿಗೆಯ ಹತ್ತಿರ ಉಗುಳು ಹಚ್ಚಿ ಹೆಬ್ಬೆರಳಿನಿಂದ ಉಜ್ಜಿದರು. ಕೂದಲೆಳೆಯಷ್ಟು ಬಿರುಕು. ಕೆಂಪು-ಬಿಳಿ ದಾರ ಕಟ್ಟಿದ್ದ ಜಾಗದಲ್ಲೇ. ಇಷ್ಟು ದಿನ ದಾರದ ಕೆಳಗೆ ಅಡಗಿತ್ತು.

ಕೂತುಬಿಟ್ಟರು. "ಒಡಕು ಗಂಟೆ ಯಾವ ಕುರಿಗೂ ಕಟ್ಟಿದವನಲ್ಲ ನಾನು" ಅಂದರು. ಆಮೇಲೆ ಅಂಗೈ ತಿರುಗಿಸಿ ನೋಡಿಕೊಂಡರು. "ಮಗಳ ಮನೆ ಗಾಡಿಗೇ ಕಟ್ಟಿದೆ."

ಗೆದ್ದೆ. ನನ್ನ ಪಾಲಿನ ಹುರುಳಿ ಸೂಪು ಮಾತ್ರ ಮೇಕೆಗೆ ಹೋಯಿತು.

ಏಪ್ರಿಲ್ 25

ಮಾವ ಕುಲುಮೆ ಮನೆಯಿಂದ ಹೊರಗೆ ಬಂದಿಲ್ಲ. ರುಮ್ಯಾನ ನನ್ನನ್ನು ನೋಡುವ ರೀತಿ ನೋಡಿದರೆ ಬಿರುಕು ನಾನೇ ಬಿಡಿಸಿದ್ದು ಅನ್ನಬೇಕು.

ಹಗ್ಗ ಬಿಗಿದಾಗ ಹತ್ತಿರ ಇರಬೇಡ,
ಮಾವ ಮುನಿದಾಗ ದೂರ ಹೋಗಬೇಡ.

ಹೋಗಿ ಬಾಗಿಲ ಹತ್ತಿರ ಕೂತೆ. ಒಳಗೆ ಸುತ್ತಿಗೆ ಸದ್ದು.  ಕೊನೆಗೆ ಒಳಗಿನಿಂದ ಒಂದು ಲೋಟ ರಾಕಿಯಾ ಸಾರಾಯಿ ಬಂತು. ಕೈ ಮಾತ್ರ ಕಾಣಿಸಿತು.

ಏಪ್ರಿಲ್ 28

ಬೆಳಿಗ್ಗೆ ಮುಂಭಾಗದ ಹೊಸ ಕೊಂಡಿ ಬಿಗಿಯಲು ಗಾಡಿಯ ಕೆಳಗೆ ಮಲಗಿದ್ದೆ. ಪಕ್ಕದಲ್ಲಿ ಎರಡು ಬೂಟು ಬಂದು ನಿಂತವು.

"ಸ್ಪ್ಯಾನರ್ ಹಿಡಿಯೋ ರೀತಿನಾ ಇದು? ಸರಿ ಅತ್ಲಾಗೆ."

ಅವರೂ ಒಳಗೆ ತೂರಿದರು. ಸೊಂಟ ಮರೆತುಹೋಗಿತ್ತು. ಬೋಲ್ಟಿನ ತಲೆಯ ಮೇಲಿನ ಅಂಕಿ ಓದಿದರು, ತೊಲೆಯ ಹಿಂದಿನ ಕಬ್ಬಿಣದ ಪಟ್ಟಿಯ ದಪ್ಪ ಉಗುರಿನಿಂದ ಅಳೆದರು. ಬೈಯಲು ಏನೂ ಸಿಗಲಿಲ್ಲ. ಬೇಸರವಾಯಿತು ಪಾಪ. ಜಿವ್ಕೊ ಕೊಟ್ಟ ಬಿಗಿತ ಅಳೆಯುವ ಸ್ಪ್ಯಾನರ್ ಕೈಗಿಟ್ಟೆ.

"ಟಕ್ ಅಂದ ಕೂಡ್ಲೇ ನಿಲ್ಲಿಸಿ, ಮಾವ."

"ಸದ್ದು ಕೇಳೋದು ನನಗೆ ಹೇಳಿಕೊಡ್ತೀಯಾ?"

ಟಕ್. ನಿಲ್ಲಿಸಿದರು. ಮುಖದಲ್ಲಿ ಸಣ್ಣ ಸಂತೋಷ. ಎಲ್ಲ ಬೋಲ್ಟನ್ನೂ ಅವರೇ ಬಿಗಿದರು.

ಮೇ 6, ಸಂತ ಜಾರ್ಜ್ ಹಬ್ಬ

ಕುರಿಮಂದೆ ಬೇಸಗೆಯ ಹುಲ್ಲುಗಾವಲಿಗೆ ಹತ್ತಿತು. ಊರೆಲ್ಲ ಹಿಂದೆಯೇ — ಕುರಿಮರಿ ಬಾಡು, ವೈನು, ಪಾದ್ರಿ, ಅಕಾರ್ಡಿಯನ್. ವಾಲ್‌ನಟ್ ತಿರುವಿನಲ್ಲಿ ಇಸ್ಕ್ರಾ ಕಾರು. ಮತ್ತೆ ಅದೇ ಗುಂಡಿ. ಗುಂಡಿಗೆ ಅವಳ ಮೇಲೆ ಮನಸ್ಸಾಗಿದೆ.

ಅವಳ ಕಾರಿಗೂ ಕಂಪನಿಯ ತಿರುಪು ಕೊಂಡಿ ಇತ್ತು, ಡಿಕ್ಕಿಯಲ್ಲಿ ಜಾಕಿನ ಪಕ್ಕ ಮಲಗಿತ್ತು. ಜಗ್ಗುವಂತಿಲ್ಲ, ಮೆಲ್ಲಗೆ ಎಳೆಯಬೇಕು. ಅದನ್ನು ಎಬ್ಬಿಸಿ ಅವಳ ಕಾರಿನ ತೂತಿಗೆ ಪೂರ್ತಿ ತಿರುಪಿದೆ. ಹಗ್ಗದ ಬದಲು ಅಗಲ ನೈಲಾನ್ ಪಟ್ಟಿ, ಅದನ್ನು ನಮ್ಮ ಹೊಸ ಕೊಂಡಿಗೆ ಸೇರಿಸಲು ಶ್ಯಾಕಲ್, ಅಡ್ಡ ತಿರುಪಿನ ಕಬ್ಬಿಣದ ಲಾಳ. ಪಟ್ಟಿ ತುಂಡಾದರೂ ಹಾರದೆ ನೆಲಕ್ಕೆ ಬೀಳಲಿ ಅಂತ ಮೇಲೆ ಏನಾದರೂ ಭಾರ ಹಾಕಬೇಕು ಅಂದಿದ್ದ ಜಿವ್ಕೊ. ಹುಡುಕುತ್ತಿದ್ದೆ. ಮಾವ ಸೀಟಿನ ಮೇಲಿನ ಆಡುಕೂದಲಿನ ಕಂಬಳಿ ಎಳೆದು ತಂದು ಹೊದಿಸಿದರು.

"ಅಪ್ಪಾ, ಅಮ್ಮನ ಬಳುವಳಿ ಕಂಬಳಿ!" ರುಮ್ಯಾನ ಕಿರುಚಿದಳು.

"ನಿನ್ನಮ್ಮ ಇದ್ದಿದ್ರೆ ಅವಳೇ ಹಾಕಿರೋಳು" ಅಂದರು. ಆಮೇಲೆ ಜನರ ಕಡೆ ತಿರುಗಿದರು. "ದೂರ! ಹಗ್ಗ ಎಷ್ಟುದ್ದ ಇದೆಯೋ ಅಷ್ಟು ದೂರ, ಮೇಲೊಂದಿಷ್ಟು! ಫಾದರ್, ನೀವೂ! ಹಗ್ಗಕ್ಕೆ ಧರ್ಮ ಇಲ್ಲ!"

ತಾವೂ ದೂರ ಹೋಗಿ ನಿಂತರು. ಬಲಗೈಯನ್ನು ಎಡಗೈಯಿಂದ ಬೆನ್ನ ಹಿಂದೆ ಹಿಡಿದುಕೊಂಡಿದ್ದರು. ಅಭ್ಯಾಸದ ಕೈ, ಬಿಟ್ಟರೆ ಓಡಿಹೋಗುತ್ತದೆ.

ಮೆಲ್ಲಗೆ ರಿವರ್ಸ್. ಪಟ್ಟಿ ಬಿಗಿಯಿತು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಕಾರು ಬಂತು. ಇಸ್ಕ್ರಾ ಇಳಿದು ಬಂದು ಮಾವನ ಟೋಪಿ ನೇರ ಮಾಡಿದಳು. 

ಮೇಲೆ ಹೋಗುವಾಗ ಮುಂದಿನ ಟಗರಿನ ಗಂಟೆ ಬೇರೆ ಥರ ಕೇಳಿಸಿತು. ದಪ್ಪ, ಸ್ವಲ್ಪ ಸೋಮಾರಿ ದನಿ. ಬಗ್ಗಿ ನೋಡಿದೆ. ಗಂಟೆಯೊಳಗಿನ ನಾಲಿಗೆಯ ತುದಿಯಲ್ಲಿ ಕೊಂಬಿನ ಸುರುಳಿ. ಮಾವ ತಮ್ಮ ಕೊಕ್ಕೆಯ ಕುತ್ತಿಗೆ ಕತ್ತರಿಸಿ ಎಸೆದು, ಬಿರುಕಿಲ್ಲದ ಭಾಗ ಉಳಿಸಿಕೊಂಡಿದ್ದಾರೆ.

"ಹೇಗಿದೆ?" ಅಂದರು.

"ಹಾಡುತ್ತೆ."

"ಹಾಡುತ್ತೆ ಅಂತ ನನಗೂ ಗೊತ್ತು. ಹೇಗಿದೆ ಅಂದೆ."

ಚೆನ್ನಾಗಿದೆ ಅಂದೆ. ಸುಳ್ಳಲ್ಲ.

ಮೇ 11, ಸಂಜೆ, ಮಳೆ

ಜಗುಲಿಯಲ್ಲಿ ಕೂತು ಬರೆಯುತ್ತಿದ್ದೇನೆ. ಕಂಬಳಿ ಒಗೆದು ಒಣಹಾಕಿದ್ದೆ, ಮತ್ತೆ ನೆನೆಯಿತು. ಗುಡ್ಡದ ಮೇಲಿಂದ ಆ ಗಂಟೆ ಬಿಟ್ಟು ಬಿಟ್ಟು ಕೇಳಿಸುತ್ತಿದೆ. ಮಾವ ಕಣ್ಣು ಮುಚ್ಚಿಕೊಂಡು "ಈಗ ಹಳ್ಳ ದಾಟಿತು" ಅನ್ನುತ್ತಾರೆ. ಇದ್ದರೂ ಇರಬಹುದು.

ತಿರುವಿನ ಕಡೆಯಿಂದ ಹಾರ್ನ್. ಉದ್ದಕ್ಕೆ. ಮತ್ತೊಮ್ಮೆ.

"ಅಳಿಯಾ! ಯಾವನೋ ಹೂತ್ಕೊಂಡ! ಕಂಬಳಿ ತಾ!"

ಒಂದು ಬೂಟು ಸಿಕ್ಕಿತು, ಇನ್ನೊಂದು ಮೇಕೆ ಹತ್ತಿರ ಇರಬೇಕು. ಮಾವ ಆಗಲೇ ಗೇಟು ದಾಟಿದ್ದಾರೆ, ಇನ್ನೂ ಬಂದೇ ಇಲ್ಲದ ಜನರಿಗೆ ದೂರ ನಿಲ್ಲಿ, ದೂರ ಅಂತ—