ಮಗ್ಗದ ಗೋಡೆಯ ಮೇಲೆ ನಿನ್ನ ಕೈ

ಗುಳೇದಗುಡ್ಡ, ಶ್ರಾವಣ ಮಾಸ, ಕ್ರಿ.ಶ. 2219

ಪ್ರೀತಿಯ ಅಕ್ಕ ನೀಲಾಂಬಿಕೆಗೆ ತಮ್ಮ ಚನ್ನವೀರನ ನಮಸ್ಕಾರ.

ತಾರೀಖು ನೋಡಿ ಯಾರೂ ಗಾಬರಿಯಾಗಬೇಡಿ. ಈ ಕಾಗದ ಅಕ್ಕನಿಗಿಂತ ಮೊದಲು, ಅವಳು ಈಗಿರುವ ಹಳೆಯ ಕಾಲದ ಬೇರೆ ಯಾರ ಕೈಗಾದರೂ ಸಿಗಬಹುದು. ಅಂಥವರಿಗಾಗಿ ನಮ್ಮ ವಿಚಿತ್ರ ಮಾತುಗಳಿಗೆ ಅಲ್ಲಲ್ಲಿ ಅರ್ಥ ಹೇಳುತ್ತ ಹೋಗುತ್ತೇನೆ, ಕ್ಷಮೆಯಿರಲಿ. ನನ್ನಕ್ಕ ಪೊಲೀಸ್ ಪತ್ತೇದಾರಿಣಿ. ಹಳೆಯ ಕಾಲಕ್ಕೆ ನುಸುಳಿ ಗುಡಿಯ ಒಡವೆ ಕದಿಯುತ್ತಿದ್ದವನ ಬೆನ್ನಟ್ಟಿ ಅವಳು ಕಾಲಕಿಂಡಿಯೊಳಗೆ ಹೋದಳು. ಅದು ಒಂದು ಕಾಲದಿಂದ ಇನ್ನೊಂದಕ್ಕೆ ತೆರೆಯುವ ಸಂದಿ. ಕಳ್ಳನನ್ನು ಹಿಡಿದು ಈಚೆಗೆ ದಬ್ಬಿದಳು. ತಾನು ದಾಟುವಷ್ಟರಲ್ಲಿ ಕಿಂಡಿ ಮುಚ್ಚಿಕೊಂಡಿತು. ಯಾವ ವರ್ಷದಲ್ಲಿ ಸಿಕ್ಕಿಬಿದ್ದಿದ್ದಾಳೆಂದು ಇಷ್ಟು ದಿನ ಯಾರಿಗೂ ಗೊತ್ತಿರಲಿಲ್ಲ.

ಅಕ್ಕಾ, ನೀನು ಸಿಕ್ಕಿಬಿಟ್ಟೆ! ಖುಷಿಯಲ್ಲಿ ಅವಸರವಾಗಿ ಬರೆಯುತ್ತಿದ್ದೇನೆ, ಅಕ್ಷರ ಕೆಟ್ಟರೆ ಬೈಯಬೇಡ.

ನೇಕಾರ ಓಣಿಯ ಹಳೆಯ ಮನೆಯೊಂದನ್ನು ದುರಸ್ತಿ ಮಾಡುತ್ತಿದ್ದಾರೆ, ಮೇಲ್ವಿಚಾರಣೆ ನನ್ನದು. ಆ ಮನೆತನದ ಪದ್ಧತಿ ಈಗ ನನಗಿಂತ ನಿನಗೇ ಚೆನ್ನಾಗಿ ಗೊತ್ತಿರಬೇಕು: ಕುಣಿಮಗ್ಗಕ್ಕೆ, ಅಂದರೆ ನೆಲದ ಗುಂಡಿಯಲ್ಲಿ ಕಾಲಿಳಿಬಿಟ್ಟು ನೇಯುವ ಮಗ್ಗಕ್ಕೆ, ಹೊಸದಾಗಿ ಇಳಿಯುವವರು ಎದುರಿನ ಗೋಡೆಯ ಹಸಿ ಸುಣ್ಣದ ಮೇಲೆ ಬಲಗೈ ಒತ್ತಬೇಕು, ಆಮೇಲೆ ಆ ಮಗ್ಗ ಅವರದು. ಕೆಲಸದ ಕಲ್ಲವ್ವ ಸುಣ್ಣದ ಪದರ ಹೆರೆಯುವಾಗ ಅಂಥ ಕೈಗಳು ಒಂದೊಂದಾಗಿ ಎದ್ದವು. ನಾನು ಸುಮ್ಮನೆ ರೇಖೆಗನ್ನಡಿ ಹಿಡಿದೆ. ಬೆರಳ ಗೆರೆ ನೋಡಿ ಹೆಸರು ಹೇಳುವ ಕನ್ನಡಿ ಅದು. ನಿನ್ನ ಹೆಸರು ಹೇಳಿತು! ಹಳೆಯ ಕಾಲದಲ್ಲಿ ಒಂದೇ ಒಂದು ಬೆರಳ ಗುರುತು ಬಿಟ್ಟ ಸಹೋದ್ಯೋಗಿಯನ್ನೂ ಅಮಾನತು ಮಾಡಿಸುತ್ತಿದ್ದ ನೀನು, ಅಂಗೈಯನ್ನೇ ಒತ್ತಿ ಕೂತಿದ್ದೀಯ. ಅಂಗಿಯ ಗುಂಡಿ ಹೊಲಿಯಲು ಬಾರದವಳು ರವಿಕೆಯ ಖಣ ನೇಯುತ್ತಿದ್ದೀಯಂತೆ! ನಕ್ಕು ನಕ್ಕು ಸಾಕಾಯಿತು.

ದೀಪಾವಳಿಗೊಂದು ಪದರದಂತೆ ಸುಣ್ಣ ಎಣಿಸಿ ನಿನ್ನ ವರ್ಷ ಗೊತ್ತುಮಾಡಿದೆವು: 1884. ಆ ಮನೆಯ ಈಗಿನ ಯಜಮಾನಿ ಹೇಳಿದ ಮಾತು ಕೇಳು: "ನಮ್ಮ ಹಿರ್ಯಾರು ಹೇಳತಿದ್ರು, ಎಲ್ಲಿಂದಲೋ ಬಂದ ಒಬ್ಬಾಕಿ ಇದ್ಲಂತ. ಒಂದು ಕೋಳಿ ಕಳದ್ರ ಊರ ಮಂದಿನೆಲ್ಲಾ ನಿಲ್ಲಿಸಿ ಪ್ರಶ್ನಿ ಕೇಳತಿದ್ಲಂತ." ಅದು ನೀನೇ, ಅನುಮಾನವೇ ಇಲ್ಲ.

ಇಲ್ಲಿ ಎಲ್ಲರೂ ಕ್ಷೇಮ. ಬೀದಿಗೆಲ್ಲ ನೆರಳುಪಟ್ಟಿ ಬಂದಿದೆ. ಸೂರ್ಯ ಹೊರಳಿದಂತೆ ತಾನೂ ಹೊರಳುವ ಚಪ್ಪರ. ನಮ್ಮ ಮಾಳಿಗೆಗೆ ಮೋಡತೊಟ್ಟಿ ಹಾಕಿಸಿದ್ದೇವೆ. ಹಾದುಹೋಗುವ ಮೋಡವನ್ನು ಹಿಂಡಿ ನೀರು ಇಳಿಸುತ್ತದೆ, ಆದರೆ ಅವ್ವ ಆ ನೀರಿನಲ್ಲಿ ಬೇಳೆ ಬೇಯುವುದಿಲ್ಲವೆಂದು ತಕರಾರು ತೆಗೆಯುತ್ತಾಳೆ. ರೊಟ್ಟಿಯಂತ್ರದ ಜೊತೆಗೂ ದಿನಾ ಜಗಳ. ನೀನು ಸಿಕ್ಕ ಸುದ್ದಿ ಹೇಳಿದಾಗ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಆಮೇಲೆ ಅಂದಳು: "ಆಕಿಗೆ ಹಸಿವಿ ತಡಿಯಂಗಿಲ್ಲ. ಲಗೂನ ಕರಕೊಂಡು ಬಾ."

ಈಗ ಮುಖ್ಯ ವಿಷಯ. ಈ ಕಾಗದ ನಿನಗೆ ಮುಟ್ಟಿದ ಮೇಲಿನ ಮೊದಲ ನಾಗರಪಂಚಮಿಯ ಬೆಳಿಗ್ಗೆ, ಹೊತ್ತು ಹುಟ್ಟುವಾಗ, ಕೆರೆ ಏರಿಯ ಆಚೆ ನಿನಗಾಗಿ ಕಿಂಡಿ ತೆರೆಯುತ್ತೇವೆ. ಕಾಗದ ತೂರುವಷ್ಟು ಸಂದಿ ಬೇರೆ, ಆಳು ದಾಟುವಷ್ಟು ತೆರೆಯುವುದು ಒಂದೇ ಸಲ. ಮತ್ತೆ ಆ ವರ್ಷಕ್ಕೆ ತೆರೆಯಲು ಆಗುವುದಿಲ್ಲ. ದಯವಿಟ್ಟು ಬಾ. ಬರಲು ಮನಸ್ಸಿಲ್ಲದಿದ್ದರೆ, ನೀನಿಲ್ಲದೆ ನನಗೆಷ್ಟು ಕಷ್ಟವಾದರೂ ಬಲವಂತ ಮಾಡುವುದಿಲ್ಲ. ಆದರೆ ನನ್ನ ಕಾಗದ ಮುಟ್ಟಿತೆಂದಾದರೂ ತಿಳಿಸು. ಅದೇ ಗೋಡೆಯ ಮೇಲೆ ಎಡಗೈ ಒತ್ತು. ಆ ಮನೆಯಲ್ಲಿ ಯಾರೂ ಎಡಗೈ ಒತ್ತಿದವರಿಲ್ಲ, ನನಗೆ ತಕ್ಷಣ ಗೊತ್ತಾಗುತ್ತದೆ.

ಸಹಿ ಹಾಕಬೇಕೆನ್ನುವಾಗ ಕಲ್ಲವ್ವ ಕೂಗಿದಳು: "ಸಾಹೇಬ್ರ, ಗೋಡಿ ಬುಡದಾಗ ಇನ್ನೊಂದು ಕೈ ಅದ, ಬರ್ರಿ!"

ಓಡಿದೆ. ಎಡಗೈ, ಅಕ್ಕಾ. ರೇಖೆಗನ್ನಡಿಯೂ ಹೇಳಿತು, ನಿನ್ನದೇ; ಬಲಗೈಗಿಂತ ಕೆಲವು ದೀಪಾವಳಿ ಈಚಿನ ಪದರದ್ದು. ಅದರ ಅಂಗೈಯೊಳಗೆ ಒತ್ತಿದ ಒಂದು ಪುಟ್ಟ ಕೈ. ಅದರ ಹೆಬ್ಬೆರಳು ನಮ್ಮವ್ವನದರಂತೆ ಹಿಂದಕ್ಕೆ ಬಾಗಿದೆ.

ಕಾಗದ ಇನ್ನೂ ನನ್ನ ಕೈಯಲ್ಲೇ ಇದೆ, ಬರುವುದಿಲ್ಲವೆಂಬ ನಿನ್ನ ಉತ್ತರ ಬಂದುಬಿಟ್ಟಿದೆ. ನಗುತ್ತಿದ್ದೇನೋ ಅಳುತ್ತಿದ್ದೇನೋ ನನಗೇ ತಿಳಿಯುತ್ತಿಲ್ಲ. ಒಂದಕ್ಷರ ತಿದ್ದದೆ ಇದನ್ನು ಹೀಗೇ ಕಳಿಸುತ್ತೇನೆ. ಅವ್ವನನ್ನು ಕರೆತರಲು ಹೊರಟೆ. ಮೊಮ್ಮಗುವಿನ ಕೈಮೇಲೆ ಒಂದು ಸಲ ಕೈಯಿಡಲಿ.

ನಿನ್ನ ತಮ್ಮ,
ಚನ್ನವೀರ